ಕಂಬಾರನ ಪಾಲು

ಒಬ್ಬರಿಂದ ಕೆಲಸ ಮಾಡಿಸಿಕೊಂಡು ದುಡ್ಡು ಕೊಟ್ಟರೆ ಅವರ ಋಣ ತೀರಿತೇ? ತೀರಿತೆಂದೇ ನಾವು ನಂಬಿದ್ದೇವೆ, ಮಕ್ಕಳಿಗೂ ಹಾಗೆಯೇ ಕಲಿಸುತ್ತೇವೆ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಲೆಕ್ಕ ಬೇರೆ ಇತ್ತು.

ಅಲ್ಲಿನ ಕಂಬಾರ ಅಂಗಡಿಕಾರನಲ್ಲ, ಊರಿನ ಆಯಗಾರ. ಗೌಡ, ಕುಲಕರ್ಣಿ, ತಳವಾರರಂತೆ ಅವನೂ ಊರಿನ ಹೊಣೆ ಹೊತ್ತವನು. ನೇಗಿಲ ಕುಳ ಮೊಂಡಾದರೆ, ಕುಡುಗೋಲಿನ ಬಾಯಿ ಹೋದರೆ ರೈತ ಕುಲುಮೆಗೆ ತರುತ್ತಿದ್ದ. ಆಗ ದುಡ್ಡಿನ ಮಾತಿಲ್ಲ. ಸುಗ್ಗಿಯಲ್ಲಿ ಕಣದ ಜೋಳದ ರಾಶಿಯಿಂದ ಕಂಬಾರನ ಪಾಲು ಅಳೆದು ಕೊಡುವುದು. ಮಳೆ ಕೈಕೊಟ್ಟ ವರ್ಷ ರಾಶಿಯೂ ಸಣ್ಣದು, ಅವನ ಪಾಲೂ ಸಣ್ಣದು. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೀವು ನೋಡಿರಬಹುದು. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗಲೇ ಮರದ ಗಾಲಿಗೆ ತೊಡಿಸಿ, ತಕ್ಷಣ ನೀರು ಸುರಿಯಬೇಕು, ಕುಗ್ಗಿ ಬಿಗಿದುಕೊಳ್ಳುತ್ತದೆ. ಒಬ್ಬನಿಂದ ಆಗುವ ಕೆಲಸವಲ್ಲ. ಬಡಿಗ, ಗಾಡಿಯ ಒಡೆಯ, ನೆರೆಯವರು ಕೈಹಚ್ಚಬೇಕು.

ಹಾಗೆಂದು ಅದೇನು ಸತ್ಯಯುಗವಲ್ಲ. ಕಂಬಾರನ ಮಗ ಕಂಬಾರನೇ ಆಗಬೇಕಿತ್ತು. ಅದೇ ಕಾಲಕ್ಕೆ ಅಮೆರಿಕದ ನ್ಯೂ ಬ್ರಿಟನ್ ಎಂಬ ಊರಿನಲ್ಲಿ ಹುಟ್ಟಿದ ಎಲಿಹು ಬರಿಟ್ (1810–1879) ಎಂಬ ಕಂಬಾರನಿದ್ದ. ಕುಲುಮೆಯ ಕೆಲಸದ ನಡುವೆಯೇ ಗ್ರೀಕ್, ಹೀಬ್ರೂ ಕಲಿತ. 1846ರಲ್ಲಿ ಇಂಗ್ಲೆಂಡಿಗೆ ಹೋಗಿ, ಯುದ್ಧಕ್ಕೆ ಕೈಜೋಡಿಸುವುದಿಲ್ಲವೆಂದು ಮಾತು ಕೊಟ್ಟವರ ಸಂಘ ಕಟ್ಟಿದ. ಚಿತ್ತಾಪುರದಲ್ಲಿ ತಿದಿ ಒತ್ತುತ್ತಿದ್ದ ಯಾವುದೋ ಹುಡುಗನಿಗೆ ಅಂಥದೇ ಬುದ್ಧಿ ಇದ್ದಿರಬಾರದೇ? ಅವನ ಕೈಗೆ ಪುಸ್ತಕ ಕೊಡುವವರು ಯಾರಿದ್ದರು? ಜೋಳದ ಪಾಲು ತಪ್ಪದೆ ಕೊಟ್ಟ ಊರೇ ಆ ಒಂದು ಬಾಗಿಲನ್ನು ಮುಚ್ಚಿಟ್ಟಿತ್ತು. ನನಗೆ ಇದು ಸಣ್ಣ ತಪ್ಪೆಂದು ಅನ್ನಿಸುವುದಿಲ್ಲ.

1871ರಲ್ಲಿ ಮುಂಬಯಿ ಕಡೆಯ ರೈಲುದಾರಿ ಶಹಾಬಾದ, ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಕಾಲ ಸರಿದಂತೆ ಕಾರ್ಖಾನೆಯ ಕಬ್ಬಿಣ ಬಂತು, ಕೂಲಿಯ ರೊಕ್ಕ ಬಂತು. ಶಹಾಬಾದಿನ ಫರಸಿ ಕಲ್ಲಿನ ಗಣಿಗಳಲ್ಲಿ ಉಳಿ, ಹಾರೆಗಳನ್ನು ಹದ ಮಾಡುವ ಕೈ ಬೇಕಾಯಿತು. ಊರು ಬಿಟ್ಟು ಹೋಗಲು ಕಂಬಾರನಿಗೂ ಒಂದು ದಾರಿ ಸಿಕ್ಕಿತು. ಅದು ದೊಡ್ಡ ಮಾತೇ. ಆದರೆ ರೊಕ್ಕ ಎಣಿಸಿದಲ್ಲಿಗೆ ಲೆಕ್ಕ ಮುಗಿಯಿತು. ಅವನ ಮನೆಯ ಒಲೆ ಉರಿಯಿತೋ ಇಲ್ಲವೋ ಯಾರೂ ಕೇಳಬೇಕಾಗಿಲ್ಲ.

ನಿಮ್ಮ ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿ ಮಾಡುವವರಿದ್ದಾರಲ್ಲ, ಅವರ ಮಗಳು ಈ ವರ್ಷ ಎಷ್ಟನೆಯ ತರಗತಿ?