ಇಲಿಯ ಮರೆವು, ನಮ್ಮ ಅರಿವು

ಪ್ರಸಾದನಿಲಯಗಳಲ್ಲಿ ಓದಿ ಬೆಳೆದ ನಿಮ್ಮಲ್ಲಿ ಅನೇಕರಿಗೆ ಇಂಥ ಒಬ್ಬ ಸಹಪಾಠಿಯ ನೆನಪಿರಬಹುದು. ಪ್ರಾರ್ಥನೆಯ ಸಾಲಿನಲ್ಲಿ ನಿಂತವನು ಥಟ್ಟನೆ ಕುಸಿಯುತ್ತಾನೆ, ಕೈಕಾಲುಗಳು ಸೆಟೆಯುತ್ತವೆ, ಯಾರೋ ಓಡಿಬಂದು ಅವನ ಮುಷ್ಟಿಯೊಳಗೆ ಬೀಗದಕೈ ಗೊಂಚಲನ್ನು ತುರುಕುತ್ತಾರೆ. ನನ್ನ ಜೊತೆಗಿದ್ದ ಅಂಥವನೊಬ್ಬನು ನಿನ್ನೆ ಒಪ್ಪಿಸಿದ ಮಗ್ಗಿಯನ್ನು ಇಂದು ಮರೆಯುತ್ತಿದ್ದನು. ಅವನಿಗೆ ದೊರೆತದ್ದು ಔಷಧವಲ್ಲ, ದಡ್ಡನೆಂಬ ಹೆಸರು. ಆ ಮರೆವು ಸೋಮಾರಿತನದ ಫಲವೋ ರೋಗದ ಫಲವೋ ಎಂದು ನಾವಾರೂ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಬಹುಮಟ್ಟಿಗೆ ಒದಗಿಸಿದವು ಮೂಕಪ್ರಾಣಿಗಳು. ಮನುಷ್ಯನಲ್ಲಿ ಮೆದುಳಿನ ಹಳೆಯ ಗಾಯ, ಔಷಧದ ಪರಿಣಾಮ, ಪದೇಪದೇ ಬರುವ ಸೆಳವು ಇವೆಲ್ಲವೂ ಕಲೆತಿರುವುದರಿಂದ ಯಾವುದು ನೆನಪನ್ನು ಕೆಡಿಸಿತೆಂದು ಬಿಡಿಸಿ ಹೇಳುವುದು ಕಷ್ಟ. ಆರೋಗ್ಯವಂತ ಇಲಿಯಲ್ಲಾದರೋ ಸೆಳವನ್ನೇ ಪ್ರತ್ಯೇಕವಾಗಿ ಉಂಟುಮಾಡಿ ಪರೀಕ್ಷಿಸಬಹುದು. ಕೆನಡಾದಲ್ಲಿ ಗ್ರಹಾಂ ಗೊಡ್ಡಾರ್ಡ್ ಎಂಬ ವಿಜ್ಞಾನಿಯು ಇಲಿಗಳ ಮೆದುಳಿಗೆ ಪ್ರತಿನಿತ್ಯ ಅತ್ಯಲ್ಪ ವಿದ್ಯುತ್ತನ್ನು ಹಾಯಿಸುತ್ತಿದ್ದನು. ಮೊದಮೊದಲು ಏನೂ ಆಗದಿದ್ದ ಇಲಿಗಳು ಕೆಲವು ದಿನಗಳಲ್ಲಿ ಅಷ್ಟೇ ವಿದ್ಯುತ್ತಿಗೆ ಸೆಳವಿಗೊಳಗಾದವು. 1967ರಲ್ಲಿ ಪ್ರಕಟವಾದ ಈ ಸಂಗತಿಗೆ ಆ ಬಳಿಕ ‘ಕಿಂಡ್ಲಿಂಗ್’, ಅಂದರೆ ಕಿಡಿಯಿಂದ ಉರಿ ಹೊತ್ತಿಸುವುದು, ಎಂಬ ಹೆಸರು ಬಂದಿತು. ಅವನು ತಿಳಿಯಹೊರಟಿದ್ದುದು ಕಲಿಕೆಯನ್ನು. ತಿಳಿದುಬಂದುದು ಮೆದುಳು ಸೆಳವನ್ನೂ ಕಲಿಯುತ್ತದೆಂಬುದನ್ನು!

ಕಲಿಕೆಯನ್ನು ಅಳೆಯಲು 1981ರಲ್ಲಿ ರಿಚರ್ಡ್ ಮಾರಿಸ್ ಎಂಬವರು ಒಂದು ಕೊಳವನ್ನು ರೂಪಿಸಿದರು. ಹಾಲಿನಂತೆ ಬಿಳುಪಾದ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಕಾಣದಂತೆ ಒಂದು ಪೀಠ. ಈಜುವ ಇಲಿಯು ಸುತ್ತಣ ಗುರುತುಗಳನ್ನು ನೆನಪಿಟ್ಟುಕೊಂಡು ಕೆಲವೇ ದಿನಗಳಲ್ಲಿ ನೇರವಾಗಿ ಅಲ್ಲಿಗೆ ಸಾಗುತ್ತದೆ. ಬಾಸ್ಟನ್ನಿನ ಗ್ರೆಗರಿ ಹೋಮ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದಂತೆ, ಹುಟ್ಟಿದ ಹೊಸತರಲ್ಲಿ ಮರಳಿ ಮರಳಿ ಸೆಳವನ್ನನುಭವಿಸಿದ ಮರಿಗಳು ಬೆಳೆದ ಮೇಲೂ ಆ ಪೀಠವನ್ನು ಹುಡುಕಲು ಹೆಚ್ಚು ಹೊತ್ತು ತೊಳಲಿದವು. ಅವುಗಳ ಮೆದುಳಿನ ಕೋಶಗಳು ನಾಶವಾಗಿರಲಿಲ್ಲ; ನೆನಪಿನ ನೆಲೆಯಾದ ಹಿಪೊಕ್ಯಾಂಪಸ್ಸಿನಲ್ಲಿ ತಂತುಗಳು ಬೆಳೆಯಬಾರದ ಕಡೆ ಬೆಳೆದಿದ್ದವು.

ಇದು ಪರದೇಶದ ಮಾತೆಂದು ತಳ್ಳಿಹಾಕಬೇಡಿರಿ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಬರುವ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬರುತ್ತದೆ. ಅದರ ಮರ್ಮವನ್ನರಿಯಲು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರೂ ಇಲಿಗಳ ಮೇಲೆ ಬಿಸಿನೀರು ಹರಿಸಿ ಅಭ್ಯಸಿಸಿದ್ದಾರೆ.

ಧರ್ಮಸೂಕ್ಷ್ಮವಿರುವುದು ಇಲ್ಲಿ. ಪ್ರಾಣಿಯು ಕೇವಲ ಯಂತ್ರವೆಂದು ಡೇಕಾರ್ಟ್ ಬಗೆದನು. ಹಾಗಾಗಿದ್ದರೆ ಇಲಿಯ ಮರೆವಿನಿಂದ ಮಗುವಿನ ಮರೆವನ್ನು ನಾವು ಅರಿಯುವುದೆಂತು? ಅದು ನಮ್ಮಂತೆಯೇ ಕಲಿಯುತ್ತದೆ, ನಮ್ಮಂತೆಯೇ ನೆನೆಯುತ್ತದೆ, ದಾರಿ ತಪ್ಪಿದಾಗ ತಳಮಳಿಸುತ್ತದೆ. ಆದುದರಿಂದಲೇ ಪ್ರಯೋಗವು ಫಲಿಸುತ್ತದೆ. ಪ್ರಯೋಗಕ್ಕೆ ಸಮರ್ಥನೆ ನೀಡುವ ಈ ಸಾದೃಶ್ಯವೇ ಪ್ರಯೋಗಿಸುವವನ ಮೇಲೆ ದೂರನ್ನೂ ಹೊರಿಸುತ್ತದೆ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಸಾಧ್ಯವಿದ್ದಲ್ಲೆಲ್ಲ ಪ್ರಯೋಗವನ್ನೇ ವರ್ಜಿಸಬೇಕೆನ್ನುತ್ತದೆ. ಇಲಿ, ಕಪ್ಪೆಗಳಿಂದ ಕಾರ್ಯವಾಗುವಲ್ಲಿ ದೊಡ್ಡ ಪ್ರಾಣಿಗಳನ್ನು ಬಳಸಬಾರದೆನ್ನುತ್ತದೆ. ಮೊದಲನೆಯ ಮಾತು ಸರಿ. ಎರಡನೆಯದು ನನ್ನನ್ನು ಕಾಡುತ್ತದೆ. ಒಡಲು ಕಿರಿದಾದರೆ ನೋವೂ ಕಿರಿದಾಗುವುದೇ?

ಪ್ರಯೋಗವೆಲ್ಲವೂ ಪಾಪವೆಂದು ನಾನು ಹೇಳಲಾರೆ. ಆ ಸಹಪಾಠಿಯ ಮುಖ ನನ್ನನ್ನು ತಡೆಯುತ್ತದೆ. ಆದರೆ ಈಗಾಗಲೇ ತಿಳಿದುದನ್ನೇ ಮತ್ತೆ ತೋರಿಸಲೆಂದು ಇನ್ನೊಂದು ಇಲಿಯನ್ನು ಸೆಳವಿಗೀಡುಮಾಡುವುದು ಜ್ಞಾನಾರ್ಜನೆಯಲ್ಲ, ಬರಿಯ ಕ್ರೌರ್ಯ. ಕ್ರೌರ್ಯದಲ್ಲಿ ನಮ್ಮ ಪಾಲೂ ಇಲ್ಲದಿಲ್ಲ. ಸರಿಯಾದ ಚಿಕಿತ್ಸೆ ದೊರೆತರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ 70ರಷ್ಟು ಮಂದಿ ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹೀಗಿದ್ದೂ ತಾಯಿತ ಕಟ್ಟಿಸಿ ಮಗುವನ್ನು ಮನೆಯ ಮೂಲೆಯಲ್ಲಿ ಬಚ್ಚಿಡುವವರು ನಮ್ಮ ನಡುವೆಯೇ ಇದ್ದಾರೆ. ಇಲಿ ತೆತ್ತ ಬೆಲೆಯನ್ನು ಅವರು ಯಾವ ಲೆಕ್ಕಕ್ಕೆ ಬರೆಯುವರು?

ನನ್ನ ಸಹಪಾಠಿಯು ಏಳನೆಯ ತರಗತಿಗೆ ಓದು ಬಿಟ್ಟನು. ಬಹುಕಾಲದ ಮೇಲೆ ಜಾತ್ರೆಯಲ್ಲಿ ಎದುರಾದಾಗ ನನ್ನ ಹೆಸರು ಅವನಿಗೆ ನೆನಪಾಗಲಿಲ್ಲ. “ತಪ್ಪು ತಿಳೀಬ್ಯಾಡ್ರಿ” ಎಂದು ಅವನೇ ನನ್ನ ಕ್ಷಮೆ ಕೇಳಿದನು.