'ತಿಳಿಯದು' ಎಂಬ ಮಾತಿಗೆ ಸಂಭಾವನೆ ಉಂಟೆ?

ವೈದ್ಯರೂ ವಕೀಲರೂ ಲೆಕ್ಕಪರಿಶೋಧಕರೂ ತಮ್ಮ ಕಾಲಕ್ಕೆ, ಶ್ರಮಕ್ಕೆ ಸಂಭಾವನೆ ಪಡೆಯುವುದು ನ್ಯಾಯವೆಂದು ಲೋಕವು ಒಪ್ಪಿದೆ. ಅದನ್ನು ಮತ್ತೆ ಕೆದಕಬೇಕಾಗಿಲ್ಲ. ಆದರೆ ಪ್ರಶ್ನೆ ಕೇಳುವವನನ್ನೂ ತಜ್ಞನನ್ನೂ ಗಣಕಯಂತ್ರವೇ ಜೋಡಿಸಿ, ವೇಳೆ ಗೊತ್ತುಪಡಿಸಿ, ಹಣ ಹಂಚುವ ಈಚಿನ ಏರ್ಪಾಡಿನಲ್ಲಿ ಹೊಸದೊಂದು ತೊಡಕಿದೆ.

ಗೂಗಲ್ ಸಂಸ್ಥೆಯು 2002ರಲ್ಲಿ 'ಗೂಗಲ್ ಆನ್ಸರ್ಸ್' ಸೇವೆಯನ್ನು ಆರಂಭಿಸಿತು. ಕೇಳುವವನು ತನ್ನ ಪ್ರಶ್ನೆಗೆ 2ರಿಂದ 200 ಡಾಲರ್‌ವರೆಗೆ ತಾನೇ ಬೆಲೆ ಕಟ್ಟುತ್ತಿದ್ದನು. ಉತ್ತರಿಸಿದವನಿಗೆ ಅದರ ಮುಕ್ಕಾಲು ಪಾಲು. 2006ರ ಕೊನೆಗೆ ಅದು ಹೊಸ ಪ್ರಶ್ನೆಗಳನ್ನು ನಿಲ್ಲಿಸಿತು. 2013ರ ನವೆಂಬರಿನಲ್ಲಿ ಅದೇ ಸಂಸ್ಥೆಯ 'ಹೆಲ್ಪ್‌ಔಟ್ಸ್' ಬಂದಿತು. ತಜ್ಞನು ತನ್ನ ಬಿಡುವಿನ ವೇಳೆಯನ್ನೂ ದರವನ್ನೂ ನಮೂದಿಸುವನು. ಕೇಳುವವನು ಅದನ್ನು ಕಾದಿರಿಸಿ ವಿಡಿಯೋ ಮೂಲಕ ಮಾತನಾಡುವನು. ಸಂಸ್ಥೆಗೆ ನೂರಕ್ಕೆ 20ರ ದಲಾಲಿ. ತೃಪ್ತಿಯಾಗದಿದ್ದರೆ ಹಣ ವಾಪಸು. 2015ರ ಏಪ್ರಿಲ್‌ನಲ್ಲಿ ಅದೂ ನಿಂತಿತು. ಮಾದರಿ ಮಾತ್ರ ಉಳಿದಿದೆ.

ದಲಾಲಿಯೇ ಪಾಪವೆಂದು ವ್ಯಾಪಾರಿಯಾದ ನಾನು ಹೇಳಲಾರೆ. ಮಂಡಿಯ ದಲಾಲನು ಮಾಲನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ. ಕೆಟ್ಟದ್ದಾದರೆ ಕೊಂಡವನು ಮರುದಿನ ಅವನ ಅಂಗಡಿಗೇ ಬರುತ್ತಾನೆ. ಯಂತ್ರಕ್ಕೆ ಆ ಸಂಕೋಚವಿಲ್ಲ. ಇರಲಿ. ನನ್ನನ್ನು ಹೆಚ್ಚು ಬಾಧಿಸುವುದು ಬೇರೆ. ಇಲ್ಲಿ ಉತ್ತರಕ್ಕೆ ಹಣವುಂಟು. "ನನಗೆ ತಿಳಿಯದು, ಬೇರೊಬ್ಬರನ್ನು ಕೇಳಿ" ಎಂಬ ಪ್ರಾಮಾಣಿಕ ಮಾತಿಗಿಲ್ಲ. ಬಟ್ಟೆಯ ವಿಷಯದಲ್ಲಿ ಗ್ರಾಹಕನ ತೃಪ್ತಿ ಬೇರೆ, ಸಲಹೆಯಲ್ಲಿ ಬೇರೆ. ಅಪ್ರಿಯವಾದ ನಿಜವನ್ನು ನುಡಿದವನೂ ಹಣ ಹಿಂದಿರುಗಿಸಬೇಕಾದೀತು. ಹೀಗಿರುವಾಗ ಊಹೆಯನ್ನೇ ತಿಳಿವಳಿಕೆಯೆಂದು ಒಪ್ಪಿಸುವ ಆಮಿಷ ಸಹಜ. ಅಚೌರ್ಯವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಪ್ರತಿರೂಪಕ ವ್ಯವಹಾರವನ್ನು ಎಣಿಸಿದೆ. ತುಪ್ಪಕ್ಕೆ ವನಸ್ಪತಿ ಬೆರೆಸುವುದೆಂದಷ್ಟೇ ನಾವು ಅದನ್ನು ಅರ್ಥೈಸುತ್ತೇವೆ. ಊಹೆಯನ್ನು ಜ್ಞಾನದ ದರದಲ್ಲಿ ಮಾರುವುದೂ ಅದೇ ಜಾತಿಯದಲ್ಲವೇ?

ಇದರಲ್ಲಿ ತಜ್ಞನೊಬ್ಬನನ್ನೇ ದೂಷಿಸುವುದು ಸಲ್ಲದು. ಕೃತ, ಕಾರಿತ, ಅನುಮೋದನೆ ಮೂರಕ್ಕೂ ಹೊಣೆಯುಂಟೆಂದು ನಂಬುವ ನಾವು ನಿಯಮ ಬರೆದವರನ್ನು ಹೊರಗಿಡಲಾಗದು.

ನಮ್ಮ ದೇಶದ ಸರ್ಕಾರಿ ಸೇವೆಯಾದ ಇ-ಸಂಜೀವನಿಯು 2020ರ ಏಪ್ರಿಲ್‌ನಿಂದ ಮನೆಯಲ್ಲಿರುವ ರೋಗಿಗಳಿಗೂ ದೊರೆಯಿತು. ಅಲ್ಲಿಯೂ ಟೋಕನ್ ಉಂಟು, ಸರದಿ ಉಂಟು. ಆದರೆ ರೋಗಿಯು ಹಣ ತೆರುವುದಿಲ್ಲ. "ಇದು ಪರದೆಯ ಮೇಲೆ ನೋಡತಕ್ಕ ಕಾಯಿಲೆಯಲ್ಲ, ಆಸ್ಪತ್ರೆಗೆ ಹೋಗಿ" ಎಂದ ವೈದ್ಯನು ಯಾರಿಗೂ ಏನನ್ನೂ ಹಿಂದಿರುಗಿಸಬೇಕಾಗಿಲ್ಲ. ಹಣ ಪಡೆಯುವ ಸೇವೆಗಳಲ್ಲೂ, ಉತ್ತರ ಕೊಡಲಿ ಬಿಡಲಿ, ಪ್ರಶ್ನೆಯನ್ನು ಓದಿ ಪರಿಶೀಲಿಸಿದ ಕಾಲಕ್ಕೆ ಸಣ್ಣದೊಂದು ಸಂಭಾವನೆಯನ್ನು ಗೊತ್ತುಮಾಡಬಹುದು. ಅದು ಕೇಳುವವನ ಜೇಬಿನಿಂದ ಬರಬೇಕಾಗಿಲ್ಲ, ದಲಾಲಿಯ ಪಾಲಿನಿಂದಲೇ ಕಳೆಯಲಿ. ನೂರಕ್ಕೆ 20 ಪಡೆಯುವವನಿಗೆ ಅದೇನೂ ಹೊರಲಾರದ ಭಾರವಲ್ಲ.