ಸಿಲ್ಲಮ್ಯಾಯೆ ಯಾರ ಊರು?

ಯುದ್ಧದಲ್ಲಿ ಹಾಳಾದ ಊರನ್ನು ಮತ್ತೆ ಕಟ್ಟಿದರು ಎಂದು ಓದಿದಾಗಲೆಲ್ಲ ಆ 'ಮತ್ತೆ' ಎಂಬ ಪದದ ಮೇಲೆ ನನಗೆ ಗುಮಾನಿ. ಸಂಶೋಧನೆಗೆಂದು ಓದುತ್ತಿದ್ದಾಗ ಎದುರಾದ ಎಸ್ಟೋನಿಯಾದ ಸಿಲ್ಲಮ್ಯಾಯೆ ಈ ಗುಮಾನಿಯನ್ನು ಗಟ್ಟಿ ಮಾಡಿತು.

ಫಿನ್ಲೆಂಡ್ ಕೊಲ್ಲಿಯ ದಡದ ಪುಟ್ಟ ಊರದು. 1868ರ ಬೇಸಿಗೆಯನ್ನು ಚೈಕೋವ್‌ಸ್ಕಿ ಅಲ್ಲಿ ಕಳೆದಿದ್ದ. ವಿಜ್ಞಾನಿ ಪಾವ್ಲೋವ್ ವರ್ಷವರ್ಷವೂ ಹೋಗುತ್ತಿದ್ದ. 1944ರ ಯುದ್ಧ ಅದನ್ನು ನೆಲಸಮ ಮಾಡಿತು. ಸೋವಿಯತ್ ಸರ್ಕಾರ ಅಲ್ಲಿ ಎಬ್ಬಿಸಿದ್ದು ಯುರೇನಿಯಂ ಕಾರ್ಖಾನೆಯನ್ನು. ಕಟ್ಟಿದವರಲ್ಲಿ ಕೈದಿಗಳೂ ಯುದ್ಧಕೈದಿಗಳೂ ಇದ್ದರು. ಕೆಲಸಗಾರರು ಬಂದದ್ದು ಹೆಚ್ಚಾಗಿ ರಷ್ಯಾದ ಕಡೆಯಿಂದ. ಅನುಮತಿಯಿಲ್ಲದೆ ಹೊರಗಿನವರು ಕಾಲಿಡುವಂತಿರಲಿಲ್ಲ. ಸಮುದ್ರಕ್ಕಿಳಿಯುವ ಅಗಲವಾದ ಮೆಟ್ಟಿಲುಗಳು, ಕಂಬಸಾಲಿನ ಕಟ್ಟಡಗಳು (ಚೆನ್ನಾಗಿಯೇ ಇವೆ, ಅದೇ ತೊಡಕು) ಹಳೆಯ ಊರಿನವರಿಗಾಗಿ ಎದ್ದವಲ್ಲ. ಉಳಿದದ್ದು ಹೆಸರು, ಜಾಗ, ಸಮುದ್ರ.

ಹಾಗಾದರೆ ಇದು ಅದೇ ಊರೇ? ಅಲ್ಲ ಎನ್ನುತ್ತೇನೆ. ಮನೆ ಸುಟ್ಟುಹೋದವರು ತಾವೇ ಮತ್ತೆ ಕಟ್ಟಿಕೊಂಡರೆ ಇಟ್ಟಿಗೆ ಬದಲಾದರೂ ಮನೆ ಅದೇ. ಇಲ್ಲಿ ಕಟ್ಟಿದವರೂ ಬೇರೆ, ಕಟ್ಟಿದ ಉದ್ದೇಶವೂ ಬೇರೆ.

ಆದರೆ ಬೇರೆ ಊರು ಎಂದ ಮಾತ್ರಕ್ಕೆ ಅದು ಯಾರ ಊರೂ ಅಲ್ಲ ಎಂದಾಗುವುದಿಲ್ಲ. ಅಲ್ಲಿ ಮಕ್ಕಳು ಹುಟ್ಟಿದರು, ಅಜ್ಜಿಯರನ್ನು ಅಲ್ಲಿಯೇ ಹೂಳಿದರು. 1991ರಲ್ಲಿ ಸ್ವತಂತ್ರವಾದ ಎಸ್ಟೋನಿಯಾ, 1940ಕ್ಕೆ ಮುಂಚೆ ಪೌರರಾಗಿದ್ದವರಿಗೆ ಮತ್ತು ಅವರ ವಂಶದವರಿಗೆ ಪೌರತ್ವ ಮರಳಿಸಿತು. ಆಮೇಲೆ ಬಂದವರು, ಅವರ ಮಕ್ಕಳು ಎಸ್ಟೋನಿಯನ್ ಭಾಷಾ ಪರೀಕ್ಷೆ ಬರೆಯಬೇಕಾಯಿತು. ಹಾಗೆ ಮಾಡದವರಲ್ಲಿ ಹಲವರು ಯಾವ ದೇಶಕ್ಕೂ ಸೇರದವರ ಬೂದು ಪಾಸ್‌ಪೋರ್ಟ್ ಹಿಡಿಯಬೇಕಾಯಿತು. 1993ರಲ್ಲಿ ಸಿಲ್ಲಮ್ಯಾಯೆ, ನಾರ್ವಾ ಎರಡೂ ಸ್ವಾಯತ್ತತೆಗಾಗಿ ಜನಮತಗಣನೆ ನಡೆಸಿದವು, ನ್ಯಾಯಾಲಯ ಒಪ್ಪಲಿಲ್ಲ.

ಎಸ್ಟೋನಿಯಾದ ವಾದವನ್ನು ತಳ್ಳಿಹಾಕಲು ನನಗಾಗದು. ಕಾಲ ಕಳೆದ ಮಾತ್ರಕ್ಕೆ ಆಕ್ರಮಣ ಸರಿಯಾಗುವುದಾದರೆ, ಆಕ್ರಮಿಸಿದವನು ಸುಮ್ಮನೆ ಕಾದರೆ ಸಾಕಲ್ಲ! ಆದರೆ ಕಾಯುವ ಲಾಭ ಪಡೆದವರು ಮಾಸ್ಕೋದಲ್ಲಿದ್ದರು. ಕಾರ್ಖಾನೆಯ ಕೊಳವೆಗಳ ನಡುವೆ ದುಡಿದವಳ ಮಗಳಿಗೆ ಆ ಲೆಕ್ಕ ಹಚ್ಚುವುದು ಹೇಗೆ? ತಪ್ಪಿನ ಫಲವಾಗಿ ಒಬ್ಬಳು ಎಲ್ಲೋ ಹುಟ್ಟುವುದು ಬೇರೆ, ತಪ್ಪು ಮಾಡುವುದು ಬೇರೆ. ಪೌರತ್ವದ ಕಾನೂನು ಇವೆರಡನ್ನೂ ಒಂದೇ ದಿನಾಂಕದಿಂದ ಅಳೆಯಿತು.

ಕಾರ್ಖಾನೆ ಸಮುದ್ರದ ಅಂಚಿನಲ್ಲೇ ವಿಕಿರಣ ತ್ಯಾಜ್ಯದ ಕೆರೆಯೊಂದನ್ನು ಬಿಟ್ಟುಹೋಗಿತ್ತು. ಅದನ್ನು ಎಸ್ಟೋನಿಯಾ ಯುರೋಪಿನ ನೆರವಿನಿಂದ 2008ರ ಹೊತ್ತಿಗೆ ಮುಚ್ಚಿಸಿತು. ಅದೇ ಆಕ್ರಮಣದ ಪಾಲು ಅದೂ. ಅದನ್ನು ತನ್ನದೆಂದು ಒಪ್ಪಿಕೊಳ್ಳುವುದು ದೇಶಕ್ಕೆ ಸಾಧ್ಯವಾಯಿತು. ಮನುಷ್ಯರ ವಿಷಯದಲ್ಲಿ ಇನ್ನೂ ತಡವಾಯಿತು: ದೇಶವಿಲ್ಲದ ತಂದೆತಾಯಿಗೆ ಅಲ್ಲಿ ಹುಟ್ಟುವ ಮಕ್ಕಳಿಗೆ ಹುಟ್ಟಿನಿಂದಲೇ ಪೌರತ್ವ ಸಿಗತೊಡಗಿದ್ದು 2016ರಲ್ಲಿ. ಆ ತಂದೆತಾಯಿಯರಲ್ಲಿ ಹಲವರ ಕೈಯಲ್ಲಿ ಬೂದು ಪಾಸ್‌ಪೋರ್ಟೇ ಉಳಿದಿದೆ.